ಬಿದ್ದ ಹಲ್ಲಿಗೆ ಅಜ್ಜನ ಹೆಸರು

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಐವತ್ತರ ಆಸುಪಾಸಿನವರ ಬಾಯಲ್ಲಿ ಹಲ್ಲು ಅಲ್ಲಾಡತೊಡಗಿದಾಗ ಒಂದು ಮಾತು ಮಾತ್ರ ಅಲ್ಲಾಡದೆ ನಿಂತಿರುತ್ತದೆ: "ನಮ್ ಮನೆತನದಾಗೇ ಹಲ್ಲು ಗಟ್ಟಿ ಇಲ್ಲ ಬಿಡ್ರಿ. ನಮ್ಮಪ್ಪಂಗೂ ಹಿಂಗೇ ಆಗಿತ್ತು." ಹೇಳುವವರ ದನಿಯಲ್ಲಿ ದುಃಖ ಕಡಿಮೆ, ನಿರಾಳ ಹೆಚ್ಚು. ಕಾರಣ ಸಿಕ್ಕಿಬಿಟ್ಟಿದೆ. ಆ ಕಾರಣಕ್ಕೆ ಯಾರೂ ಹೊಣೆಯಲ್ಲ. ಇದ್ದ ಒಬ್ಬ ಆರೋಪಿಯೂ ಮಣ್ಣಾಗಿ ವರ್ಷಗಳೇ ಆಗಿವೆ.

ಇದೇ ಮಾತು ಈಗ ಬೆಂಗಳೂರಿನಿಂದ ಹಬ್ಬಕ್ಕೆ ಊರಿಗೆ ಬರುವ ಮಗನ ಬಾಯಲ್ಲಿ ಬೇರೆ ವೇಷದಲ್ಲಿ ಬರುತ್ತಿದೆ. "ಒಸಡಿನ ಕಾಯಿಲೆ ಅರ್ಧಕ್ಕರ್ಧ ಜೆನೆಟಿಕ್ ಅಂತೆ, ನಾವೇನು ಮಾಡೋಕಾಗುತ್ತೆ?" ಅಪ್ಪ ಹಣೆಬರಹ ಎಂದದ್ದನ್ನು ಮಗ ಡಿಎನ್‌ಎ ಎಂದ. ಇಬ್ಬರೂ ಕೈ ಚೆಲ್ಲಿದ ರೀತಿ ಒಂದೇ. ವಿಜ್ಞಾನದ ಹೆಸರಿನಲ್ಲಿ ಬಂದದ್ದರಿಂದ ಮಗನ ಮಾತಿಗೆ ಎದುರಾಡುವವರು ಮಾತ್ರ ಕಡಿಮೆ.

ಈ ನಂಬಿಕೆ ಸುಳ್ಳು. ಪೂರ್ತಿ ಕಟ್ಟುಕಥೆ ಅನ್ನುತ್ತಿಲ್ಲ. ಒಂದು ಸಣ್ಣ ನಿಜವನ್ನು ಹಿಡಿದು ಅದರಿಂದ ತಲೆಕೆಳಗಾದ ತೀರ್ಮಾನ ತೆಗೆದದ್ದರಿಂದ ಅದು ಸುಳ್ಳು. ಒಸಡಿನ ದೀರ್ಘ ಕಾಯಿಲೆಯಲ್ಲಿ ಜೀನುಗಳಿಗೆ ಪಾತ್ರವಿದೆ. ಆದರೆ ಆ ಪಾತ್ರದ ಬಗ್ಗೆ ಕಳೆದ ಅರ್ಧ ಶತಮಾನದಲ್ಲಿ ಗೊತ್ತಾಗಿರುವುದನ್ನೆಲ್ಲ ಒಟ್ಟಿಗೆ ಇಟ್ಟು ಓದಿದರೆ "ಏನೂ ಮಾಡೋಕಾಗಲ್ಲ" ಎಂಬ ಮಾತಿಗೆ ಅಲ್ಲಿ ಜಾಗವೇ ಸಿಗುವುದಿಲ್ಲ.

ಎದುರಾಳಿಯ ಕೈಯಲ್ಲಿರುವ ಅತ್ಯಂತ ಬಲವಾದ ಸಾಕ್ಷ್ಯದಿಂದಲೇ ಶುರು ಮಾಡೋಣ. ನಾರ್ವೆಯ ದಂತವಿಜ್ಞಾನಿ ಹೆರಾಲ್ಡ್ ಲೋ ಮತ್ತು ಸಂಗಡಿಗರು 1970ರಲ್ಲಿ ಶ್ರೀಲಂಕಾದ ಚಹಾ ತೋಟಗಳಲ್ಲಿ ದುಡಿಯುವ 480 ಗಂಡಸರ ಬಾಯಿ ಪರೀಕ್ಷಿಸಿ, ಮುಂದೆ ವರ್ಷಗಟ್ಟಲೆ ಅವರನ್ನು ಹಿಂಬಾಲಿಸಿದರು. ಆ ಕೂಲಿಗಳು ಹಲ್ಲುಜ್ಜುತ್ತಿರಲಿಲ್ಲ, ದಂತವೈದ್ಯರ ಮುಖ ಕಂಡಿರಲಿಲ್ಲ. ಎಲ್ಲರ ಹಲ್ಲಿನ ಮೇಲೂ ಪಾಚಿ, ಕಿಟ್ಟ ದಂಡಿಯಾಗಿತ್ತು. 1986ರಲ್ಲಿ ಬಂದ ವರದಿ ದಂತವೈದ್ಯ ಲೋಕವನ್ನು ಬೆಚ್ಚಿಬೀಳಿಸಿತು. ಅಷ್ಟೂ ಕೊಳೆಯ ನಡುವೆ 11% ಮಂದಿಗೆ ಒಸಡು ಕೆಂಪಾಗಿ ಊದಿಕೊಂಡದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ, ಮೂಳೆ ಕರಗಿರಲಿಲ್ಲ. 8% ಮಂದಿಗೆ ಕಾಯಿಲೆ ಓಡೋಡಿ ಬಂದು ನಲವತ್ತೈದರ ಹೊತ್ತಿಗೆ ಹಲ್ಲುಗಳೆಲ್ಲ ಹೋಗಿದ್ದವು. ಉಳಿದ 81% ನಡುವೆ ಎಲ್ಲೋ ಇದ್ದರು. ಒಂದೇ ತೋಟ, ಒಂದೇ ಊಟ, ಒಂದೇ ಕೊಳೆ. ಆದರೂ ಮೂರು ಹಣೆಬರಹ. ಹಾಗಾದರೆ ವ್ಯತ್ಯಾಸ ರಕ್ತದಲ್ಲೇ ಇರಬೇಕಲ್ಲವೇ?

ಇದ್ದೀತು. ಒಪ್ಪಿದೆ. ಆದರೆ ಅದೇ ವಿಜ್ಞಾನಿಗಳು ಅದೇ ಕಾಲದಲ್ಲಿ ನಾರ್ವೆಯ ವಿದ್ಯಾರ್ಥಿಗಳು, ಮೇಷ್ಟ್ರುಗಳ ಇನ್ನೊಂದು ಗುಂಪನ್ನೂ ಅಳೆಯುತ್ತಿದ್ದರು. ಅವರು ಚಿಕ್ಕಂದಿನಿಂದ ಹಲ್ಲುಜ್ಜಿ, ವೈದ್ಯರಿಗೆ ತೋರಿಸಿಕೊಂಡು ಬೆಳೆದವರು. ನಲವತ್ತರ ಹೊತ್ತಿಗೆ ಅವರ ಹಲ್ಲಿನ ಹಿಡಿತ ಸರಾಸರಿ ಒಂದೂವರೆ ಮಿಲಿಮೀಟರಿನಷ್ಟು ಕುಸಿದಿತ್ತು. ಚಹಾ ತೋಟದವರದು ನಾಲ್ಕೂವರೆ ಮಿಲಿಮೀಟರ್. "ಬಿಳಿಯರ ವಂಶವೇ ಬೇರೆ" ಎನ್ನುವವರಿಗೂ ಉತ್ತರವಿದೆ. 1965ರಲ್ಲಿ ಇದೇ ಲೋ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಆರೋಗ್ಯವಂತ ಒಸಡಿನ 12 ಮಂದಿಯಿಂದ ಹಲ್ಲುಜ್ಜುವುದನ್ನೇ ಬಿಡಿಸಿ ನೋಡಿದ್ದರು. ಹತ್ತರಿಂದ ಇಪ್ಪತ್ತೊಂದು ದಿನದೊಳಗೆ ಹನ್ನೆರಡಕ್ಕೆ ಹನ್ನೆರಡೂ ಮಂದಿಯ ಒಸಡು ಊದಿಕೊಂಡಿತು. ಮತ್ತೆ ಉಜ್ಜಲು ಹಚ್ಚಿದ ವಾರದಲ್ಲಿ ಇಳಿಯಿತು. ಯಾವ ಅಜ್ಜನ ರಕ್ತವೂ ಅಲ್ಲಿ ಒಬ್ಬನನ್ನೂ ಕಾಯಲಿಲ್ಲ.

ಮಗ ಹೇಳಿದ ಆ ಐವತ್ತು ಪರ್ಸೆಂಟು ಎಲ್ಲಿಂದ ಬಂತು ಎನ್ನುವುದನ್ನು ನೋಡಬೇಕು. ಮೈಕಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಅಮೆರಿಕದ 117 ಅವಳಿ ಜೋಡಿಗಳ ಬಾಯಿ ಪರೀಕ್ಷಿಸಿದರು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳು 64 ಜೋಡಿ, ಎರಡು ಅಂಡದವರು 53 ಜೋಡಿ. ಜನರಿಂದ ಜನರಿಗೆ ಈ ಕಾಯಿಲೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ಸುಮಾರು ಅರ್ಧದಷ್ಟನ್ನು ಅನುವಂಶಿಕತೆಯಿಂದ ವಿವರಿಸಬಹುದು ಎಂದರು. ಪತ್ರಿಕೆಯ ಆರೋಗ್ಯ ಪುಟಕ್ಕೆ ಬರುವ ಹೊತ್ತಿಗೆ "ವ್ಯತ್ಯಾಸದಲ್ಲಿ ಅರ್ಧ" ಎಂಬುದು "ಕಾಯಿಲೆಯಲ್ಲಿ ಅರ್ಧ" ಎಂದಾಯಿತು. ಮನೆಗೆ ಬರುವ ಹೊತ್ತಿಗೆ "ನನ್ನ ಹಲ್ಲಿನಲ್ಲಿ ಅರ್ಧ" ಎಂದಾಯಿತು. ಮೂರೂ ಬೇರೆಬೇರೆ.

ಚಳ್ಳಕೆರೆ ಶೇಂಗಾ ನಾಡು, ಆದ್ದರಿಂದ ಶೇಂಗಾದಲ್ಲೇ ಹೇಳಬಹುದು. ಬೆರಕೆ ಬೀಜವನ್ನು ಒಂದೇ ಸಮನಾದ ಮಣ್ಣಿಗೆ ಬಿತ್ತಿ, ಒಂದೇ ಸಮ ನೀರು ಹಾಯಿಸಿದರೆ ಗಿಡದಿಂದ ಗಿಡಕ್ಕೆ ಕಾಣುವ ವ್ಯತ್ಯಾಸವೆಲ್ಲ ಬೀಜದ್ದೇ. ಅದೇ ಬೀಜವನ್ನು ಒಂದು ಮೂಲೆ ಎರೆ, ಒಂದು ಮೂಲೆ ಗರಸು ಇರುವ ಖುಷ್ಕಿ ಹೊಲಕ್ಕೆ ಎರಚಿದರೆ ವ್ಯತ್ಯಾಸದಲ್ಲಿ ಹೆಚ್ಚಿನದು ಮಣ್ಣಿನದು. ಬೀಜ ಬದಲಾಗಿಲ್ಲ, ಅದರ "ಪಾಲು" ಬದಲಾಯಿತು. ಎಲ್ಲರೂ ಹಲ್ಲುಜ್ಜುವ, ಎಲ್ಲರಿಗೂ ವೈದ್ಯರು ಸಿಗುವ ದೇಶದ ಅವಳಿಗಳಲ್ಲಿ ವಂಶದ ಪಾಲು ದೊಡ್ಡದಾಗಿ ಕಾಣುವುದು ಸಹಜ. ಅಲ್ಲಿ ಬೇರೆ ವ್ಯತ್ಯಾಸಗಳೇ ಕಡಿಮೆ. ಯಾರೂ ಉಜ್ಜದ ಚಹಾ ತೋಟದಲ್ಲೂ ಅದೇ ಕಾರಣಕ್ಕೆ ರಕ್ತ ಎದ್ದು ಕಂಡಿತು. ಒಂದು ಮನೆಯಲ್ಲಿ ಬೀಡಿ, ಪಕ್ಕದ ಮನೆಯಲ್ಲಿ ಸಕ್ಕರೆ ಕಾಯಿಲೆ, ಆಚೆ ಮನೆಯಲ್ಲಿ ಎರಡೂ ಇರುವ ನಮ್ಮ ಊರುಗಳಿಗೆ ಆ ಅರ್ಧದ ಲೆಕ್ಕವನ್ನು ಎತ್ತಿ ತಂದು ಅಂಟಿಸಲಾಗದು.

ಅದೇ ಅವಳಿ ಅಧ್ಯಯನದ ಇನ್ನೊಂದು ಸಾಲನ್ನು ಯಾವ ಆರೋಗ್ಯ ಪುಟವೂ ಎತ್ತಿಕೊಳ್ಳಲಿಲ್ಲ. ಒಸಡು ಊದಿ ರಕ್ತ ಸೋರುವ ಮೊದಲ ಹಂತದಲ್ಲಿ, ಬೀಡಿ ಸಿಗರೇಟು ಮತ್ತು ವೈದ್ಯರ ಬಳಿ ಹೋಗುವ ರೂಢಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ವಂಶದ ಗುರುತೇ ಉಳಿಯಲಿಲ್ಲ. ಹಲ್ಲಿನ ಬುಡದ ಕಾಯಿಲೆ ಆ ಹಂತವನ್ನು ದಾಟದೆ ಮುಂದಕ್ಕೆ ಹೋಗುವುದಿಲ್ಲ. ಬಾಗಿಲಲ್ಲಿ ಅಜ್ಜ ನಿಂತಿಲ್ಲ ಎಂದಾಯಿತು. ಮುಂದೆ 2019ರಲ್ಲಿ ಈ ಬಗೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ ಅವಳಿಗಳಿಂದ ಬಂದ ಅಂದಾಜು 38%ಕ್ಕೆ ಇಳಿಯಿತು. ಜೀನುಗಳನ್ನೇ ನೇರವಾಗಿ ಜಾಲಾಡಿದ ಅಧ್ಯಯನಗಳಿಂದ ಸಿಕ್ಕದ್ದು ಬರೀ 7%.

ಈಗ ಜೀನ್ ಪರೀಕ್ಷೆಯ ಕಥೆ. 1997ರಲ್ಲಿ ಕಾರ್ನ್‌ಮನ್ ಮತ್ತು ಸಂಗಡಿಗರು ಇಂಟರ್‌ಲ್ಯೂಕಿನ್-1 ಎಂಬ ಉರಿಯೂತದ ರಾಸಾಯನಿಕವನ್ನು ನಿಯಂತ್ರಿಸುವ ಜೀನುಗಳಲ್ಲಿ ಒಂದು ಜೋಡಿ ರೂಪವನ್ನು ಗುರುತಿಸಿದರು. ಸಿಗರೇಟು ಸೇದದವರಲ್ಲಿ ಈ ಜೋಡಿ ಇದ್ದರೆ ತೀವ್ರ ಒಸಡು ಕಾಯಿಲೆಯ ಸಾಧ್ಯತೆ ಸುಮಾರು 19 ಪಟ್ಟು ಎಂದರು. ಅಂಕಿ ಕೇಳಿ ಜಗತ್ತು ಹೌಹಾರಿತು. ಕೂಡಲೇ ಪರೀಕ್ಷೆಯ ಕಿಟ್ ಅಮೆರಿಕದ ಮಾರುಕಟ್ಟೆಗೂ ಬಂತು. ಆದರೆ ಅದೇ ಪ್ರಬಂಧದಲ್ಲಿದ್ದ ಇನ್ನೊಂದು ಫಲಿತಾಂಶವಿದೆ. ಸೇದುವವರಲ್ಲಿ ಆ ಜೀನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತಂಬಾಕಿನ ಗದ್ದಲದಲ್ಲಿ ಜೀನಿನ ದನಿ ಕೇಳಿಸಲೇ ಇಲ್ಲ. ಬೀಡಿ ಕಟ್ಟು ಕಿಸೆಯಲ್ಲಿಟ್ಟುಕೊಂಡು ವಂಶವನ್ನು ದೂರುವವರು ಇದನ್ನು ಓದಬೇಕಿತ್ತು.

ಆ ಜೋಡಿ ಎಲ್ಲ ಜನರಲ್ಲೂ ಒಂದೇ ಪ್ರಮಾಣದಲ್ಲಿ ಇಲ್ಲ. ಯುರೋಪಿಯನ್ನರಲ್ಲಿ ಮೂವರಲ್ಲಿ ಒಬ್ಬರಿಗೆ ಇದೆ ಎಂದರೆ, ಚೀನೀ ಮೂಲದ 300 ಜನರಲ್ಲಿ ಹುಡುಕಿದಾಗ 2.3% ಮಂದಿಯಲ್ಲಿ ಮಾತ್ರ ಸಿಕ್ಕಿತು. ಹಾಗಂತ ಚೀನೀಯರ ಒಸಡೇನೂ ಗಟ್ಟಿಯಾಗಿಲ್ಲ, ಅಲ್ಲೂ ಕಾಯಿಲೆ ಧಾರಾಳವಾಗಿದೆ. 2013ರಲ್ಲಿ ಇದೇ ಪರೀಕ್ಷೆಯನ್ನು ಹಿಡಿದು ಮಿಷಿಗನ್‌ನ 5,117 ಜನರ ಹಳೆಯ ದಾಖಲೆಗಳನ್ನು ಕೆದಕಿ, ಆ ಜೀನ್ ಇಲ್ಲದ, ಸೇದದ, ಸಕ್ಕರೆ ಕಾಯಿಲೆಯೂ ಇಲ್ಲದ ಜನರಿಗೆ ವರ್ಷಕ್ಕೆ ಎರಡು ಸಲ ಹಲ್ಲು ಶುಚಿ ಮಾಡಿಸುವುದರಿಂದ ಒಂದು ಸಲಕ್ಕಿಂತ ಹೆಚ್ಚಿನ ಪ್ರಯೋಜನವಿಲ್ಲ ಎಂಬ ತೀರ್ಮಾನ ಬಂತು. ವಿಮಾ ಕಂಪನಿಗಳಿಗೆ ಇದಕ್ಕಿಂತ ಸಿಹಿ ಸುದ್ದಿ ಬೇರೆ ಇಲ್ಲ. ಎರಡು ವರ್ಷದಲ್ಲಿ, 2015ರಲ್ಲಿ, ಬೇರೆ ತಜ್ಞರು ಅದೇ ಅಂಕಿಗಳನ್ನು ಮತ್ತೆ ತಿರುವಿಹಾಕಿ, ಈ ಪರೀಕ್ಷೆಯ ಆಧಾರದಲ್ಲಿ ಯಾರ ಶುಚಿಯನ್ನೂ ಕಡಿತ ಮಾಡಲು ಬರುವುದಿಲ್ಲ ಎಂದು ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲೇ ಬರೆದರು. ಗಮನಿಸಿ: "ಜೀನ್" ಎಂಬ ಮಾತನ್ನು ಅಲ್ಲೂ ಬಳಸಿಕೊಂಡದ್ದು ಏನನ್ನೂ ಮಾಡದಿರುವುದಕ್ಕೇ. ಚಳ್ಳಕೆರೆಯ ಅಪ್ಪನಿಗೂ ಮಿಷಿಗನ್‌ನ ವಿಮಾ ಲೆಕ್ಕಿಗನಿಗೂ ಅದು ಒಂದೇ ರೀತಿ ಒದಗಿಬಂತು.

ಮುಂದಿನ ದಿನಗಳಲ್ಲಿ ಈ ಹಾವಳಿ ಹೆಚ್ಚಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳುತನದಲ್ಲಿ ನಡೆದ ಜಿನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಪೂರ್ಣ ಜಿನೋಮನ್ನು ಓದಿ ಮುಗಿಸಿದೆ. 2025ರ ಜನವರಿಯಲ್ಲಿ ಆ ದತ್ತಾಂಶ ಸಂಶೋಧಕರಿಗೆ ತೆರೆದುಕೊಂಡಿತು. ದೊಡ್ಡ ಕೆಲಸ, ಹೆಮ್ಮೆಯ ಕೆಲಸ. ಇಂಥ ದತ್ತಾಂಶದಿಂದ ನಾಳೆ ಒಸಡಿಗೆ ಸಂಬಂಧಿಸಿದ ಹತ್ತಾರು ಜೀನುಗಳ ಸುದ್ದಿ ಬರುತ್ತದೆ. ಒಂದೊಂದು ಸುದ್ದಿಗೂ ನಮ್ಮವರು ಒಂದೊಂದು ನೆಪ ಕಂಡುಕೊಳ್ಳುತ್ತಾರೆ.

ಎಲ್ಲ ರಕ್ತದ್ದೇ ಆಗಿದ್ದರೆ ಹಿಂದಿನ ಕಾಲದವರ ಬಾಯಲ್ಲೂ ಈ ಕಾಯಿಲೆ ಇಷ್ಟೇ ಇರಬೇಕಿತ್ತು. ಅದನ್ನು ನೋಡಲು ನಮ್ಮದೇ ಬ್ರಹ್ಮಗಿರಿಯಿಂದ ಶುರು ಮಾಡುತ್ತೇನೆ. ಮೊಳಕಾಲ್ಮೂರು ತಾಲ್ಲೂಕಿನ ಆ ಬೆಟ್ಟದ ಬುಡದಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಬೃಹತ್ ಶಿಲಾ ಸಮಾಧಿಗಳು, ಅವುಗಳೊಳಗೆ ಮಡಕೆ, ಕಬ್ಬಿಣ, ಮನುಷ್ಯರ ಮೂಳೆಗಳು ಸಿಕ್ಕಿದವು. ಸತ್ತ ಮೇಲೆ ಮೈಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಉಳಿಯುವುದು ಹಲ್ಲು. ಬದುಕಿದ್ದಾಗ ಮೊದಲು ಕಳಚಿಕೊಳ್ಳುವುದೂ ಅದೇ. ಹಳೆಯ ತಲೆಬುರುಡೆಗಳನ್ನು ಒಸಡಿನ ಕಣ್ಣಿಂದ ನೋಡುವ ಕೆಲಸ ಬೇರೆ ಕಡೆ ಚೆನ್ನಾಗಿ ನಡೆದಿದೆ. 2014ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಸಿಕ್ಕ, ರೋಮನ್ನರ ಆಳ್ವಿಕೆಯ ಕಾಲದ 303 ತಲೆಬುರುಡೆಗಳನ್ನು ಪರೀಕ್ಷಿಸಿದರು. ಹಲ್ಲು ಹುಳುಕು, ಸವೆತ, ಕೀವುಗುಳ್ಳೆ ಎಲ್ಲ ಇತ್ತು. ಆದರೆ ಮಧ್ಯಮದಿಂದ ತೀವ್ರ ಮಟ್ಟದ ಒಸಡು ಕಾಯಿಲೆಯ ಗುರುತು ಇದ್ದದ್ದು ಸುಮಾರು 5% ಮಂದಿಯಲ್ಲಿ ಮಾತ್ರ. ಇವತ್ತಿನ ವಯಸ್ಕರಲ್ಲಿ ಅದು 15ರಿಂದ 30%. ಅವರಲ್ಲಿ ಹೆಚ್ಚಿನವರು ನಲವತ್ತರ ಆಸುಪಾಸಿನಲ್ಲೇ ಸತ್ತರು ಎಂಬುದನ್ನೂ ಹೇಳಿಬಿಡಬೇಕು, ಆದ್ದರಿಂದ ಹೋಲಿಕೆ ಪೂರ್ತಿ ಸಮವಲ್ಲ. ಆದರೂ ಸಾವಿರದೆಂಟುನೂರು ವರ್ಷದಲ್ಲಿ ಮನುಷ್ಯನ ಜೀನುಗಳು ಕಾಯಿಲೆಯನ್ನು ಮೂರರಿಂದ ಆರು ಪಟ್ಟು ಏರಿಸುವಷ್ಟು ಬದಲಾಗುವುದಿಲ್ಲ. ಆ ಸಂಶೋಧಕರು ಬೊಟ್ಟು ಮಾಡಿದ್ದು ನಡುವೆ ಬಂದ ತಂಬಾಕಿನ ಕಡೆಗೆ, ಸಕ್ಕರೆ ಕಾಯಿಲೆಯಂಥ ಇಂದಿನ ರೋಗಗಳ ಕಡೆಗೆ. ಹದಿನಾರನೆಯ ಶತಮಾನಕ್ಕೆ ಮೊದಲು ಬ್ರಹ್ಮಗಿರಿಯಲ್ಲೂ ತಂಬಾಕಿರಲಿಲ್ಲ, ಡಾರ್ಸೆಟ್‌ನಲ್ಲೂ ಇರಲಿಲ್ಲ.

ಅದೇ ಬೆಟ್ಟದ ಬಂಡೆಯಲ್ಲಿ ಕ್ರಿ.ಪೂ. 3ನೇ ಶತಮಾನದ ಅಶೋಕನ ಶಾಸನವಿದೆ. ಶಾಸನತಜ್ಞ ಬಿ. ಎಲ್. ರೈಸ್ ಅದನ್ನು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಲ್ಲಿನ ಇಸಿಲದ ಅಧಿಕಾರಿಗಳಿಗೆ ಕಳಿಸಿದ ಆ ಆಜ್ಞೆಯ ತಿರುಳು ಇಷ್ಟು: ಧರ್ಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಪ್ರಯತ್ನಪಟ್ಟರೆ ಸಣ್ಣವನಿಗೂ ದಕ್ಕುತ್ತದೆ. ಹುಟ್ಟಲ್ಲ, ಹೆಣಗಾಟ ಮುಖ್ಯ ಎಂದು ಎರಡು ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನಲ್ಲಿ ಕೊರೆದ ಊರಿನವರೇ ಹುಟ್ಟನ್ನು ಇಷ್ಟು ನೆಚ್ಚಿಕೊಂಡಿರುವುದು ತಮಾಷೆ. ತಂದೆತಾಯಿಯ ಮಾತು ಕೇಳಬೇಕು ಎಂದೂ ಅದೇ ಶಾಸನದಲ್ಲಿದೆ ನಿಜ. ಅವರ ಹಲ್ಲಿನ ಹಾದಿಯಲ್ಲೇ ನಡೆಯಬೇಕು ಎಂದು ಮಾತ್ರ ಇಲ್ಲ.

ಇಲ್ಲೊಂದು ನ್ಯಾಯವಾದ ಪ್ರಶ್ನೆ ಏಳುತ್ತದೆ. ಜೀನ್ ಅಲ್ಲವಾದರೆ ಒಂದೇ ಮನೆಯಲ್ಲಿ ಅಜ್ಜ, ಅಪ್ಪ, ಮಗ ಮೂವರದೂ ಹಲ್ಲು ಹೋಗುವುದು ಏಕೆ? ಮನೆತನ ಎಂದರೆ ರಕ್ತ ಮಾತ್ರವಲ್ಲ ಎಂಬುದು ಉತ್ತರ. ಒಂದು ಮನೆಯಲ್ಲಿ ಕೈಯಿಂದ ಕೈಗೆ ಬರುವುದು ಏನೆಲ್ಲ? ಕಡ್ಡಿಪುಡಿಯ ಡಬ್ಬಿ ಬರುತ್ತದೆ. ಬೂದಿ, ಇದ್ದಿಲು, ಇಟ್ಟಿಗೆ ಪುಡಿಯಲ್ಲಿ ಗಸಗಸ ತಿಕ್ಕುವ ರೂಢಿ ಬರುತ್ತದೆ. ಹಲ್ಲು ನೋವು ತಡೆಯಲಾರದಾದಾಗ ಮಾತ್ರ ವೈದ್ಯರ ಬಳಿಗೆ, ಅದೂ ಕೀಳಿಸುವುದಕ್ಕೆ, ಎಂಬ ತಿಳಿವಳಿಕೆ ಬರುತ್ತದೆ. ಬಾಯಿಯ ಸೂಕ್ಷ್ಮಜೀವಿಗಳೂ ಬರುತ್ತವೆ. ತಾಯಿ ಅಗಿದು ಕೊಟ್ಟ ತುತ್ತು, ಒಂದೇ ಲೋಟ, ಒಂದೇ ಎಂಜಲು. ಇದನ್ನು ಮೊರಾಕ್ಕೊ ದೇಶದಲ್ಲಿ ಚೆನ್ನಾಗಿ ತೋರಿಸಿದ್ದಾರೆ. ಹದಿಹರೆಯದವರ ಹಲ್ಲಿನ ಬುಡದ ಮೂಳೆಯನ್ನು ತಿನ್ನುವ ಒಂದು ಬ್ಯಾಕ್ಟೀರಿಯಾದ ಜೆಪಿ2 ಎಂಬ ತಳಿ ಅಲ್ಲಿ ಮನೆಗಳಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ತಳಿ ಬಾಯಲ್ಲಿ ನೆಲೆಸಿದ ಮಕ್ಕಳಿಗೆ ಎರಡು ವರ್ಷದಲ್ಲಿ ಕಾಯಿಲೆ ತಗಲುವ ಅಪಾಯ ಉಳಿದವರಿಗಿಂತ 18 ಪಟ್ಟು. ದೂರ ನಿಂತು ನೋಡುವವನಿಗೆ ಅದು ಶುದ್ಧ ವಂಶಪಾರಂಪರ್ಯ. ಹತ್ತಿರ ಹೋದರೆ ಸೋಂಕು.

ಮನೆತನ ಎಂದು ಮೋಸ ಹೋಗುವುದು ನಮಗೆ ಹೊಸದೂ ಅಲ್ಲ. ಈ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಹಲ್ಲಿನ ಮೇಲೆ ಹಳದಿ, ಕಂದು ಪಟ್ಟೆ. ಇದು ಬೋರಿನ ನೀರಿನ ಫ್ಲೋರೈಡ್ ಎಂದು ಈಗ ಶಾಲೆಯ ಹುಡುಗರಿಗೂ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದರೆ ಎನಾಮಲ್ ಕೆಡುತ್ತದೆ. ಆದರೆ ಇಡೀ ಮನೆ, ಇಡೀ ಕೇರಿಯ ಹಲ್ಲು ಒಂದೇ ಬಣ್ಣದ್ದಾದರೆ ಅದನ್ನು ವಂಶದ ಗುರುತು ಎಂದುಕೊಳ್ಳುವುದು ಎಷ್ಟು ಸುಲಭ! ಅಮೆರಿಕದಲ್ಲಿ ಇದರ ಬೆನ್ನು ಹತ್ತಿದ ಮೆಕೇ ಎಂಬ ದಂತವೈದ್ಯರಿಗೆ ನೀರಿನ ಮೇಲೆ ಸಂಶಯ ಬಂದು, ಅವರ ಸಲಹೆಯಂತೆ 1925ರಲ್ಲಿ ಐಡಾಹೊ ರಾಜ್ಯದ ಓಕ್ಲಿ ಊರಿನವರು ಕುಡಿಯುವ ನೀರಿನ ಮೂಲವನ್ನೇ ಬದಲಿಸಿದರು. ಆಮೇಲೆ ಬೆಳೆದ ಮಕ್ಕಳ ಹಲ್ಲು ಶುಭ್ರವಾಗಿ ಬಂತು. ಆ ನೀರಿನಲ್ಲಿದ್ದದ್ದು ಫ್ಲೋರೈಡ್ ಎಂದು ತಿಳಿದದ್ದೇ 1931ರಲ್ಲಿ. ಅಪ್ಪಅಮ್ಮ ಅವರೇ, ಕೊಳವೆ ಮಾತ್ರ ಬೇರೆ. ಒಂದು ಎಚ್ಚರಿಕೆ: ಪಟ್ಟೆ ಹಲ್ಲು ಬೇರೆ, ಸಡಿಲ ಹಲ್ಲು ಬೇರೆ. ಫ್ಲೋರೈಡಿನ ಕಲೆಯನ್ನೂ ಒಸಡಿನ ಕಾಯಿಲೆಯನ್ನೂ ಒಂದೇ ಗಂಟಿಗೆ ಕಟ್ಟಿ "ನಮ್ ಕಡೆ ನೀರೇ ಹಿಂಗೆ" ಎನ್ನುವುದು ಅಜ್ಜನ ಹೆಗಲಿನಿಂದ ಬೋರಿನ ಹೆಗಲಿಗೆ ಹೊರೆ ದಾಟಿಸಿದಂತೆ ಅಷ್ಟೆ.

ತಂಬಾಕಿನ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಎಲ್ಲಕ್ಕಿಂತ ದೊಡ್ಡ ಮೋಸ ನಡೆಯುವುದು ಇಲ್ಲೇ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರು ವಯಸ್ಕರಲ್ಲಿ ಸುಮಾರು 23 ಮಂದಿಗೆ ಒಂದಲ್ಲ ಒಂದು ಬಗೆಯ ತಂಬಾಕಿನ ಚಟ. ಸೇದುವವರಿಗಿಂತ ಬಾಯಲ್ಲಿಟ್ಟುಕೊಳ್ಳುವವರೇ ಹೆಚ್ಚು. ಗುಟ್ಕಾ ನಿಷೇಧವಾಗಿ ವರ್ಷಗಳಾದವು. ಅಂಗಡಿಯವನು ಪಾನ್ ಮಸಾಲೆಯ ಒಂದು ಚೀಟಿ, ತಂಬಾಕಿನ ಒಂದು ಚೀಟಿ ಬೇರೆಬೇರೆ ಹರಿದು ಕೊಡುತ್ತಾನೆ, ಕಾನೂನು ಪಾಲನೆಯಾಯಿತು. ಸೇದುವ ತಂಬಾಕು ಒಸಡಿನ ಸಣ್ಣ ರಕ್ತನಾಳಗಳನ್ನು ಬಿಗಿಸಿಬಿಡುತ್ತದೆ. ಒಳಗೆ ಮೂಳೆ ಕರಗುತ್ತಿದ್ದರೂ ಹೊರಗೆ ರಕ್ತ ಕಾಣುವುದಿಲ್ಲ. ಸೇದದವನು ಬ್ರಷ್ಷಿನ ಮೇಲೆ ಕೆಂಪು ಕಂಡು ಹೆದರುತ್ತಾನೆ, ಸೇದುವವನು ತನ್ನ ಒಸಡು ಕಲ್ಲಿನಂತಿದೆ ಎಂದು ಬೀಗುತ್ತಾನೆ. ಕಡ್ಡಿಪುಡಿ ಒತ್ತರಿಸುವ ಜಾಗದಲ್ಲಿ ಒಸಡು ಸವೆದು ಬೇರು ಕಾಣಿಸುತ್ತದೆ. ಆದರೆ ಅದೇ ಪುಡಿ ನೋವನ್ನು ಮಂಕಾಗಿಸುವುದರಿಂದ "ಹೊಗೆಸೊಪ್ಪು ಇಟ್ಕೊಂಡ್ರೇನೇ ಹಲ್ಲಿಗೆ ಆರಾಮ" ಎಂಬ ವೈದ್ಯವೂ ಹುಟ್ಟಿಕೊಂಡಿದೆ. ಒಂದು ದಿನ ಹಲ್ಲು ಕೈಗೆ ಬರುತ್ತದೆ. ರಕ್ತವಿರಲಿಲ್ಲ, ನೋವಿರಲಿಲ್ಲ, ಇದ್ದಕ್ಕಿದ್ದಂತೆ ಬಿತ್ತು. ಹಾಗಾದರೆ ವಂಶವೇ!

ಸಕ್ಕರೆ ಕಾಯಿಲೆಯದೂ ಇದೇ ದಾರಿ. 2023ರ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ 11.4% ಮಂದಿಗೆ ಅದಿದೆ. ಹಿಡಿತ ತಪ್ಪಿದ ಸಕ್ಕರೆ ಒಸಡನ್ನು ತಿನ್ನುತ್ತದೆ, ಕೀವುಗಟ್ಟಿದ ಒಸಡು ಸಕ್ಕರೆಯನ್ನು ಹಿಡಿತಕ್ಕೆ ಬಿಡುವುದಿಲ್ಲ. 2017ರಲ್ಲಿ ಜಗತ್ತಿನ ಒಸಡು ತಜ್ಞರು ಷಿಕಾಗೊದಲ್ಲಿ ಸೇರಿ ಈ ಕಾಯಿಲೆಯ ವರ್ಗೀಕರಣವನ್ನೇ ಹೊಸದಾಗಿ ಬರೆದರು. ಕಾಯಿಲೆ ಎಷ್ಟು ವೇಗವಾಗಿ ಓಡಬಹುದು ಎಂದು ದರ್ಜೆ ಕೊಡುವ ಕೋಷ್ಟಕದಲ್ಲಿ ಎರಡೇ ಅಪಾಯಗಳಿಗೆ ಅಂಕಣ ಸಿಕ್ಕಿತು: ದಿನಕ್ಕೆ ಸೇದುವ ಸಿಗರೇಟು 10 ಮುಟ್ಟಿದೆಯೇ, ಮೂರು ತಿಂಗಳ ಸಕ್ಕರೆಯ ಸರಾಸರಿ 7% ಮುಟ್ಟಿದೆಯೇ. ಜೀನ್ ಪರೀಕ್ಷೆಗೆ ಆ ಕೋಷ್ಟಕದಲ್ಲಿ ಅಂಕಣವಿಲ್ಲ.

ನಿಜವಾಗಿ ರಕ್ತದಲ್ಲೇ ಬರುವ ಒಸಡು ಕಾಯಿಲೆ ಇಲ್ಲವೇ? ಇದೆ. ಪ್ಯಾಪಿಯಾನ್-ಲೆಫೆವ್ರ್ ಎಂಬುದು ಅದರ ಹೆಸರು. ಕ್ಯಾಥೆಪ್ಸಿನ್ ಸಿ ಎಂಬ ಕಿಣ್ವದ ಜೀನ್ ತಂದೆಯಿಂದಲೂ ತಾಯಿಯಿಂದಲೂ ಕೆಟ್ಟು ಬಂದರೆ ಅಂಗೈ, ಅಂಗಾಲು ದಪ್ಪಗಟ್ಟಿ ಬಿರಿಯುತ್ತವೆ, ನಾಲ್ಕೈದು ವರ್ಷಕ್ಕೆ ಹಾಲುಹಲ್ಲು ಉದುರುತ್ತವೆ, ಹದಿಹರೆಯದಲ್ಲೇ ಶಾಶ್ವತ ಹಲ್ಲೂ ಹೋಗುತ್ತವೆ. ಜೀನ್ ಪತ್ತೆಯಾದದ್ದು 1999ರಲ್ಲಿ. ಸೋದರಮಾವ, ಅತ್ತೆಮಗನ ಮದುವೆ ರೂಢಿಯಿರುವ ನಮ್ಮಲ್ಲಿ ಇಂಥ ಅಪರೂಪದ ಕಾಯಿಲೆಗೆ ದಾರಿ ಸ್ವಲ್ಪ ಅಗಲ. 1980ರ ದಶಕದಲ್ಲಿ ಕರ್ನಾಟಕದ ಒಂದು ಲಕ್ಷಕ್ಕೂ ಹೆಚ್ಚು ಮದುವೆಗಳನ್ನು ದಾಖಲಿಸಿದ ಅಧ್ಯಯನದಲ್ಲಿ 31.4% ಒಳಸಂಬಂಧದವು. ಹಾಗೆಂದು ನಲವತ್ತೈದಕ್ಕೆ ಹಲ್ಲು ಅಲ್ಲಾಡುವ ಬೀಡಿ ಸೇದುವವನು ಈ ಕಾಯಿಲೆಯ ನೆರಳಿನಲ್ಲಿ ನಿಲ್ಲಲಾಗದು. ಅಂಗೈ ನೋಡಿಕೊಂಡರೆ ಸಾಕು.

ವಂಶ ಎಂದರೆ ಸಾಕು ಮೈಮೇಲೆ ಬೀಳುವ ಜಾತಿಯವನಲ್ಲ ನಾನು. ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ 1970ರ ದಶಕದಲ್ಲಿ ಕಾಣಿಸಿಕೊಂಡಾಗ ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಗದ್ದೆಯ ಏಡಿಯ ಮೇಲೆ ಸಂಶಯ ಬಂದಿತ್ತು. ಕೊನೆಗೆ ಅದು ಅನುವಂಶಿಕ ಮೂಳೆ ದೋಷ ಎಂದು ತಿಳಿಯಿತು. ಅಲ್ಲಿ ಹೊರಗಿನ ಕಾರಣ ತಪ್ಪಾಗಿತ್ತು, ಇಲ್ಲಿ ಒಳಗಿನ ಕಾರಣ ತಪ್ಪು. ಎರಡು ಕಡೆಯೂ ಯಾರಾದರೂ ಹೋಗಿ ಮನೆಮನೆ ನೋಡದೆ ಗೊತ್ತಾಗುವಂತಿರಲಿಲ್ಲ.

"ಕ್ಲೀನಿಂಗ್ ಮಾಡಿಸಿದ್ರೆ ಹಲ್ಲು ಸಡ್ಲ ಆಗ್ತಾವೆ" ಎಂಬ ಇನ್ನೊಂದು ಮಾತು ವಂಶದ ನಂಬಿಕೆಯ ಬೆನ್ನಿಗೇ ಇದೆ. ಅರ್ಧ ಮೂಳೆ ಕರಗಿದ ಹಲ್ಲುಗಳನ್ನು ವರ್ಷಗಳಿಂದ ಗಟ್ಟಿಕಟ್ಟಿದ ಕಿಟ್ಟವೇ ಒಂದಕ್ಕೊಂದು ಹಿಡಿದು ನಿಲ್ಲಿಸಿರುತ್ತದೆ. ಕಿಟ್ಟ ತೆಗೆದ ದಿನ ಅವು ಎಷ್ಟು ಸಡಿಲವಾಗಿದ್ದವೋ ಅಷ್ಟು ಸಡಿಲವಾಗಿ ಕಾಣುತ್ತವೆ. ತಪ್ಪು ವೈದ್ಯರ ಮೇಲೆ ಬೀಳುತ್ತದೆ. ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನಲ್ಲಿ 1972ರಿಂದ 30 ವರ್ಷ ನೂರಾರು ಜನರನ್ನು ನಿಯಮಿತವಾಗಿ ಶುಚಿ ಮಾಡಿಸಿ, ಉಜ್ಜುವುದನ್ನು ಕಲಿಸಿ ಕಾದು ನೋಡಿದರು. ಮೂವತ್ತು ವರ್ಷದಲ್ಲಿ ಒಬ್ಬೊಬ್ಬರು ಕಳೆದುಕೊಂಡ ಹಲ್ಲು ಸರಾಸರಿ ಎರಡನ್ನೂ ಮುಟ್ಟಲಿಲ್ಲ, ಅದರಲ್ಲೂ ಒಸಡಿನ ಕಾಯಿಲೆಗೆ ಹೋದವು ಬೆರಳೆಣಿಕೆಯಷ್ಟು. ಆ ನೂರಾರು ಜನರಲ್ಲಿ ಕೆಟ್ಟ ಜೀನಿನವರು ಇರಲೇಬೇಕಲ್ಲ. ಆ ಜೀನುಗಳು ಮೂವತ್ತು ವರ್ಷ ಏನು ಮಾಡುತ್ತಿದ್ದವು?

ಸರ್ಕಾರವೂ ತಿಳಿದೋ ತಿಳಿಯದೆಯೋ ಅಜ್ಜನ ಪಕ್ಷವನ್ನೇ ಸೇರಿದೆ. ಬಡ ಕುಟುಂಬದ ಹಿರಿಯರಿಗೆ ಉಚಿತ ದಂತಪಂಕ್ತಿ ಕೊಡುವ ದಂತಭಾಗ್ಯ ಯೋಜನೆ ಒಳ್ಳೆಯದೇ. ಮುದ್ದೆ ನುಂಗುವ ನಾಡಿನಲ್ಲೂ ರೊಟ್ಟಿಗೆ ಹಲ್ಲು ಬೇಕು. ಆದರೆ ಹಲ್ಲು ಬಿದ್ದ ಮೇಲೆ ಶುರುವಾಗುವ ಯೋಜನೆ ಬೀಳುವುದು ಖಚಿತ ಎಂದು ಒಪ್ಪಿಕೊಂಡ ಯೋಜನೆ. ಬ್ರಹ್ಮಗಿರಿಯ ಸುತ್ತಿನವರಿಗೆ ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕಿಂತ ಬಳ್ಳಾರಿಯೇ ಹತ್ತಿರ. ಒಂದು ದಿನದ ಕೂಲಿ, ಬಸ್ಸಿನ ಚಾರ್ಜು ಕಳೆದು, ನೋವೇ ಇಲ್ಲದ ಒಸಡನ್ನು ತೋರಿಸಲು ಯಾರು ಹೋಗುತ್ತಾರೆ? ಸಕ್ಕರೆ, ರಕ್ತದೊತ್ತಡ ನೋಡಲು ಮನೆಬಾಗಿಲಿಗೆ ಬರುವ ಆರೋಗ್ಯ ವ್ಯವಸ್ಥೆ ಬಾಯಿ ತೆರೆಸಿ ಒಂದು ನಿಮಿಷ ಒಸಡು ನೋಡಿದರೆ, ಎರಡು ಪ್ರಶ್ನೆ ಕೇಳಿದರೆ, ಆಗುವ ಖರ್ಚು ದಂತಪಂಕ್ತಿಗಿಂತ ಕಡಿಮೆ.

ಅಪ್ಪನ ಹಲ್ಲು ಬೇಗ ಹೋಗಿತ್ತು ಎಂಬ ಸಂಗತಿಯನ್ನು ಬಿಸಾಡಬೇಕಿಲ್ಲ. ಅದು ಉಪಯುಕ್ತ ಮಾಹಿತಿ, ಯಾವ ಜೀನ್ ಕಿಟ್‌ಗಿಂತಲೂ ಅಗ್ಗ. ಚಹಾ ತೋಟದ ಆ 8%ರಲ್ಲಿ ತಾನೂ ಒಬ್ಬನಿರಬಹುದು ಎಂಬ ಸುಳಿವು ಅದು. ಅಂಥ ಮನೆಯ ಮಗ, ಮಗಳು ಇಪ್ಪತ್ತರ ಹರೆಯದಲ್ಲೇ ದಂತವೈದ್ಯರ ಬಳಿ ಹೋಗಿ "ಒಸಡಿನ ಆಳ ಅಳೆದು ಕೊಡಿ" ಎಂದು ಕೇಳಲಿ. ಗೆರೆ ಹಾಕಿದ ಒಂದು ಸಣ್ಣ ಕಡ್ಡಿಯನ್ನು ಹಲ್ಲು ಒಸಡಿನ ನಡುವೆ ಇಳಿಸಿ ಓದುವ ಕೆಲಸ, ಹತ್ತು ಹದಿನೈದು ನಿಮಿಷ ಸಾಕು. ಮೂರು ಮಿಲಿಮೀಟರ್ ಒಳಗಿದ್ದು ರಕ್ತ ಬರದಿದ್ದರೆ ಮುಂದಿನ ವರ್ಷ ಮತ್ತೆ ಹೋಗುವುದು. ನಾಲ್ಕು, ಐದು ಎಂದರೆ ಬೇರಿನವರೆಗೆ ಶುಚಿ ಆಗಲೇ ಶುರುವಾಗಬೇಕು. ಕಿಸೆಯ ಚೀಟಿ, ಬೀಡಿ ಹೊರಗೆ ಬೀಳಬೇಕು. ಸಕ್ಕರೆ ಪರೀಕ್ಷೆಯನ್ನೂ ಅದೇ ದಿನ ಮಾಡಿಸಿಬಿಡಬೇಕು.